ಮುಂದಿನ ಸಲ ಯಾರು ಬೇಕು?

ಇಸವಿ ೨೧೮೧, ಹದಿಮೂರನೇ ತಿಂಗಳು, ನಾಲ್ಕನೇ ದಿನ
ಕೆಂಬಂಡೆ ತಂಗುದಾಣ, ಹಿನ್ನೀರಿನ ಬಡಗಣ ದಂಡೆ

ಪ್ರಿಯರೆ,

ಹದಿಮೂರನೇ ತಿಂಗಳು ಎಂದು ಓದಿದ ಕೂಡಲೇ ನೀವು ಇದನ್ನು ಯಾರದೋ ತಮಾಷೆ ಎಂದು ಪಕ್ಕಕ್ಕಿಡಬಹುದು. ದಯವಿಟ್ಟು ಇಡಬೇಡಿ. ಎಲ್ಲ ತಿಂಗಳನ್ನೂ ಇಪ್ಪತ್ತೆಂಟು ದಿನಕ್ಕೆ ಇಳಿಸಿದಾಗ ಮಿಕ್ಕ ದಿನಗಳಿಂದ ಆದ ತಿಂಗಳು ಇದು. ಪ್ರವಾಸಿಗರು ಬರದ ಒಂದೇ ತಿಂಗಳಾದ್ದರಿಂದ ನಾವು ಇದನ್ನು ಬಿಡುತಿಂಗಳು ಎನ್ನುತ್ತೇವೆ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಕನ್ನಡವನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿತವಳು. ಕೆಲವು ಪದಗಳು ನಮ್ಮ ಕಾಲದವು, ಕೆಲವು ನನ್ನ ತಪ್ಪುಗಳು. ಯಾವುದು ಯಾವುದೆಂದು ನನಗೇ ಖಚಿತವಿಲ್ಲ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಮ್ಮ ಕಚೇರಿಯ ಗೋಡೆಯ ಮೇಲೆ ಗಾಜಿನೊಳಗೆ ಒಂದು ಹಳೆಯ ಹಾಳೆಯಿದೆ. ನಿಮ್ಮ ಕಾಲದ ಯಾವುದೋ ಸಣ್ಣ ವಸತಿಗೃಹದವರು ಅತಿಥಿಗಳಿಗೆ ಕೊಡುತ್ತಿದ್ದ ಅಭಿಪ್ರಾಯದ ಹಾಳೆ ಅದು. ಕೋಣೆ ಸ್ವಚ್ಛವಾಗಿತ್ತೇ, ಊಟ ಹೇಗಿತ್ತು ಎಂಬ ಮಾಮೂಲಿ ಪ್ರಶ್ನೆಗಳ ಕೆಳಗೆ ಯಾರೋ ಪೆನ್ನಿನಿಂದ ಒಂದು ಸಾಲು ಸೇರಿಸಿದ್ದಾರೆ: ಮುಂದಿನ ಸಲ ಬಂದಾಗ ನಿಮಗೆ ಯಾರು ಬೇಕು? ಅದನ್ನು ಸೇರಿಸಿದವರಿಗೇ ಈ ಪತ್ರ. ಬಿಡುತಿಂಗಳಲ್ಲಿ ನಮಗೆ ಒಂದು ಹಿಂಬರಹ ಕಳಿಸಲು ಅವಕಾಶವಿದೆ. ಯಾವ ಹಳೆಯ ಹಾಳೆಯ ಬೆನ್ನಿಗೆ ಬರೆಯುತ್ತೇವೋ, ಬರಹ ಆ ಹಾಳೆ ಹೊಸದಾಗಿದ್ದ ದಿನಕ್ಕೆ ತಲುಪುತ್ತದಂತೆ. ಹೇಗೆ ಎಂದು ಕೇಳಬೇಡಿ. ಗಾಜು ತೆಗೆಯಲು ಅನುಮತಿ ಸಿಗುವುದಕ್ಕೇ ನನಗೆ ಏಳು ತಿಂಗಳು ಹಿಡಿಯಿತು.

ಹಿನ್ನೀರಿನ ದಂಡೆಯ ಕೆಂಪು ಬಂಡೆಯಲ್ಲಿ ಕೊರೆದ ನಲವತ್ತು ಕೋಣೆಗಳು, ಒಂದು ದೊಡ್ಡ ಅಡುಗೆಮನೆ, ಒಂದು ದೋಣಿಕಟ್ಟೆ. ಇಷ್ಟೇ ನಮ್ಮ ತಂಗುದಾಣ. ಕೋಣೆ ಗುಡಿಸುವುದು, ಹಾಸಿಗೆ ಹಾಸುವುದು, ದೋಣಿ ನಡೆಸುವುದು ಯಂತ್ರಗಳಿಂದ ಆಗುತ್ತದೆ. ಬರುವವರು ಬಯಸುವುದು ಮನುಷ್ಯರನ್ನು. ಜೋಳದ ರೊಟ್ಟಿ ಬಡಿಯುವ ಕೈ, ಹೆಸರು ಹಿಡಿದು ಕರೆಯುವ ಬಾಯಿ, ಹೋಗುವಾಗ ಬಾಗಿಲ ತನಕ ಬರುವ ಕಾಲು. ಹಾಗಾಗಿ ಸಿಬ್ಬಂದಿಯನ್ನು ನಾವು ಮನೆಯವರು ಎನ್ನುತ್ತೇವೆ, ಅತಿಥಿಗಳನ್ನು ಬಂದವರು ಎನ್ನುತ್ತೇವೆ. ಮನೆಯವರನ್ನು ನೇಮಿಸುವುದು, ಅವರ ಸರದಿ ಹಂಚುವುದು, ರಜೆ ನೋಡುವುದು, ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಬಗ್ಗೆ ಷರಾ ಬರೆಯುವುದು ಇಪ್ಪತ್ತು ವರ್ಷ ನನ್ನ ಕೆಲಸವಾಗಿತ್ತು.

ನಿಮ್ಮ ಆ ಸಾಲು ಬೆಳೆದು ಈಗ ಮರುಕೇಳಿಕೆ ಎಂಬ ನಿಯಮವಾಗಿದೆ. ಬಂದವರು ಹೋಗುವಾಗ ಮುಂದಿನ ಸಲಕ್ಕೆ ತಮಗೆ ಇಂಥವರೇ ಬೇಕೆಂದು ಬರೆಯುತ್ತಾರೆ. ಬರೆದರೆ, ಬರೆದವರು ಮತ್ತೆ ಬಂದು ಹೋಗುವ ತನಕ ಆ ಮನೆಯವರು ಇಲ್ಲಿಂದ ಕದಲುವಂತಿಲ್ಲ. ಮೂರು ವರ್ಷ ಯಾರೂ ಕೇಳದಿದ್ದರೆ ಅವರಿಗೆ ಬಿಡುಗಡೆ ಚೀಟಿ, ಅದು ಸಿಕ್ಕ ಮೇಲೆ ಇಲ್ಲಿ ಉಳಿಯುವಂತಿಲ್ಲ. ಚೀಟಿಯಿಲ್ಲದವರನ್ನು ದೋಣಿ ಹತ್ತಿಸುವುದಿಲ್ಲ, ಆಚೆ ದಡದಲ್ಲಿ ಅವರಿಗೆ ಯಾರೂ ಕೆಲಸವನ್ನಾಗಲಿ ನೀರಿನ ಪಾಲನ್ನಾಗಲಿ ಕೊಡುವುದಿಲ್ಲ. ಹೀಗಾಗಿ ನಮ್ಮಲ್ಲಿ ಜಾಣರು ನೆನಪಿನಲ್ಲಿ ಉಳಿಯದಂತೆ ಬದುಕುವುದನ್ನು ಕಲಿಯುತ್ತಾರೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಹಳಬರು ಮೊದಲ ವಾರವೇ ಹೇಳಿಕೊಡುವ ಪಾಠ ಅದು. ನಗು, ಆದರೆ ಹಲ್ಲು ಕಾಣದ ಹಾಗೆ. ಬಡಿಸು, ಆದರೆ ಹೆಸರು ಕೇಳಬೇಡ.

ಬಾಳವ್ವನಿಗೆ ಆ ಪಾಠ ಹತ್ತಲಿಲ್ಲ. ಅವಳು, ಅವಳ ಗಂಡ ಯಮನೂರಪ್ಪ ಒಟ್ಟಿಗೆ ಅಡುಗೆಮನೆಗೆ ಸೇರಿದವರು. ಅವಳು ರೊಟ್ಟಿ ಬಡಿಯುತ್ತಿದ್ದಳು, ಅವನು ಒಲೆ ನೋಡಿಕೊಳ್ಳುತ್ತಿದ್ದ. ಬಂದವರಲ್ಲಿ ಯಾರಿಗೆ ಖಾರ ಆಗದು, ಯಾರ ಮಗುವಿಗೆ ಬೆಲ್ಲ ಬೇಕು ಎಂಬುದು ಅವಳಿಗೆ ಮರುವರ್ಷವೂ ನೆನಪಿರುತ್ತಿತ್ತು. ಅವಳನ್ನು ಅಡುಗೆಮನೆಯ ಮುಖ್ಯಸ್ಥೆ ಮಾಡಬೇಕೆಂಬ ಆಸೆ ನನಗೆ. ಅದಕ್ಕಾಗಿ ಆಡಳಿತದವರ ಕಣ್ಣಿಗೆ ಬೀಳಲಿ ಎಂದು ಅವಳ ಷರಾದಲ್ಲಿ ಬರೆದೆ: ಒಮ್ಮೆ ಇವಳ ಕೈಯಲ್ಲಿ ಉಂಡವರು ಇವಳನ್ನು ಮರೆಯಲಾರರು. ಯಮನೂರಪ್ಪನ ಷರಾದಲ್ಲಿ ಬರೆದೆ: ಶಾಂತ, ಅಚ್ಚುಕಟ್ಟು, ನೆನಪಿನಲ್ಲಿ ಉಳಿಯುವಂಥದ್ದೇನಿಲ್ಲ. ಎರಡೂ ನಿಜ ಎಂದೇ ನಂಬಿದ್ದೆ. ಒಳ್ಳೆಯ ಮಾತು ಯಾರಿಗೂ ಕೆಡುಕು ಮಾಡದು ಎಂದು ಶಾಲೆಯಿಂದಲೂ ನಂಬಿದ್ದೆ.

ಆ ವರ್ಷ ಆಡಳಿತದವರು ಷರಾಗಳನ್ನು ಬಂದವರಿಗೂ ತೋರಿಸಲು ತೊಡಗಿದರು. ಒಮ್ಮೆ ತೋರಿಸಿದ್ದನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಬಾಳವ್ವನ ಮರುಕೇಳಿಕೆಗಳು ಹನ್ನೊಂದು ವರ್ಷದವರೆಗೆ ತುಂಬಿಹೋದವು. ಯಮನೂರಪ್ಪನನ್ನು ಮೂರನೇ ವರ್ಷವೂ ಯಾರೂ ಕೇಳಲಿಲ್ಲ. ಅವನಿಗೆ ಚೀಟಿ ಕೊಟ್ಟು ದೋಣಿ ಹತ್ತಿಸಿದರು. ಚೀಟಿಗೆ ಸಹಿ ಹಾಕಿದವಳು ನಾನೇ.

ಬಾಳವ್ವನ ಎದುರು ನಿಲ್ಲುವುದು ಹೇಗೆಂದು ತಿಳಿಯದೆ ನಾನು ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದೆ. ಅವಳು ಹಿಟ್ಟಿನಿಂದ ತಲೆ ಎತ್ತಲಿಲ್ಲ. "ನೀವು ಬರದದ್ದು ಖರೇನ ಐತ್ರಿ ಮೇಡಂ," ಎಂದಳು. "ಮದುವಿ ಆಗಿ ಇಪ್ಪತ್ತು ವರ್ಷ ಆತು. ಇವತ್ತಿಗೂ ಸಂತ್ಯಾಗ ಅಂವನ್ನ ಹುಡುಕಬೇಕಂದ್ರ ಅಂಗಿ ನೋಡತೀನಿ, ಮಾರಿ ಅಲ್ಲ." ಅಡುಗೆಮನೆಯೆಲ್ಲ ನಕ್ಕಿತು. ಅವಳೂ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಾಗ ಕೆನ್ನೆಯ ಮೇಲೆ ಹಿಟ್ಟು ಗಂಜಿಯಾಗಿ ಉಳಿಯಿತು.

ಯಮನೂರಪ್ಪ ಆಚೆ ದಡದಲ್ಲಿ ದೋಣಿಗಳ ತಳ ಉಜ್ಜುವ ಕೆಲಸ ಹಿಡಿದ. ಪ್ರತಿದಿನ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಬಿದಿರ ಗಳುವಿಗೆ ತನ್ನ ಹೆಗಲ ಮೇಲಿನ ಕೆಂಪು ವಸ್ತ್ರ ಕಟ್ಟಿ ನಿಲ್ಲಿಸುತ್ತಿದ್ದ. ಅಡುಗೆಮನೆಯ ಕಿಟಕಿಯಿಂದ ಅದು ಉಗುರಿನಷ್ಟು ಕಾಣುತ್ತಿತ್ತು. ಅವಳು ಒಂದು ರೊಟ್ಟಿ ಬೇಯುವಷ್ಟು ಹೊತ್ತು ಅತ್ತ ನೋಡಿ ತಿರುಗುತ್ತಿದ್ದಳು. ಐದು ವರ್ಷ ಹೀಗೆ ನಡೆಯಿತು. ಒಂದು ಕಡೆ ಮರುಕೇಳಿಕೆಗಳು ತೀರುತ್ತಿದ್ದವು, ಇನ್ನೊಂದು ಕಡೆ ಹೊಸವು ಸೇರುತ್ತಿದ್ದವು. ಹನ್ನೊಂದು ಎಂಬುದು ಹನ್ನೊಂದಾಗಿಯೇ ಉಳಿಯಿತು.

ಕೆಟ್ಟವಳಾಗಲು ಅವಳು ಪ್ರಯತ್ನಿಸದೆ ಇರಲಿಲ್ಲ. ರೊಟ್ಟಿ ಹೊತ್ತಿಸಿದಳು. ಒಬ್ಬ ದೊಡ್ಡ ಮನುಷ್ಯನಿಗೆ, "ತಿನ್ನಂಗಿದ್ರ ತಿನ್ನು, ಇಲ್ಲಂದ್ರ ಎದ್ದು ನಡಿ. ನಿನ್ನ ಮುಂದ ಕುಣೀಲೇನು?" ಎಂದು ಕೈ ತಿರುವಿದಳು. ನಾನು ಆಸೆಯಿಂದ ಅವನ ಹಾಳೆಗಾಗಿ ಕಾದೆ. ನನ್ನ ತಾಯಿ ಬೈದಂತಾಯಿತು, ಕಣ್ಣು ತುಂಬಿತು ಎಂದು ಬರೆದಿದ್ದ. ತನ್ನ ಆರು ಜನ ಗೆಳೆಯರಿಗೂ ಅವಳನ್ನೇ ಕೇಳಿದ್ದ. ಆಡಳಿತಕ್ಕೆ ನಾನು ಬರೆದ ಮನವಿಗೆ ಒಂದೇ ಸಾಲಿನ ಉತ್ತರ ಬಂತು: ಬೇಡಿಕೆ ಇರುವವರನ್ನು ಬಿಡುವುದು ಬಂದವರಿಗೆ ಮಾಡುವ ಮೋಸ. ಮಂದ, ಮರೆವು ಹೆಚ್ಚು ಎಂದು ಹೊಸ ಷರಾ ಸೇರಿಸಲೇ ಎಂದು ಅವಳನ್ನೇ ಕೇಳಿದೆ. ಅವಳಿಗೆ ಸಿಟ್ಟು ಬಂತು. "ಹೋಗಾಕ ಸಿಗಲಿ ಬಿಡಲಿ, ನನ್ನ ಕೈ ಮ್ಯಾಲೆ ಸುಳ್ಳು ಬರೀಬ್ಯಾಡ್ರಿ."

ಉಳಿದ ದಾರಿ ಒಂದೇ. ನಿಯಮಗಳ ಕೊನೆಯಲ್ಲಿ ಹೆಗಲುಬದಲಿ ಎಂಬುದೊಂದಿದೆ. ಒಬ್ಬರ ಮರುಕೇಳಿಕೆಗಳನ್ನೆಲ್ಲ ಇನ್ನೊಬ್ಬರು ತಮ್ಮ ಹೆಗಲಿಗೆ ಹಾಕಿಕೊಳ್ಳಬಹುದು. ಬಂದವರು ಆ ಹೊಸಬರ ಕೈಯಲ್ಲಿ ಉಂಡು ಒಪ್ಪಬೇಕು, ಅಷ್ಟೇ. ಹನ್ನೊಂದು ವರ್ಷ ಹೊರಲು ಯಾರೂ ಮುಂದೆ ಬರಲಿಲ್ಲ. ನಾನು ಹೋದೆ. ಆಗ ನನಗೆ ನಲವತ್ತಮೂರು.

ನಾಲ್ಕು ತಿಂಗಳು ಅವಳ ಪಕ್ಕ ಕುಳಿತು ಕಲಿತೆ. ನನ್ನ ರೊಟ್ಟಿಗಳು ಅಂಚಿನಲ್ಲಿ ಹರಿಯುತ್ತಿದ್ದವು. "ಬಡೀರಿ ಮೇಡಂ, ಬಡೀರಿ. ರೊಟ್ಟಿಗೆ ಸಹಿ ಹಾಕ್ಲಿಕ್ಕೆ ಕುಂತಂಗ ಕುಂತೀರಲ್ಲ!" ಎನ್ನುತ್ತಿದ್ದಳು. ಬಂದವರ ಎದುರು ಅವಳಂತೆ ಹೆಸರು ಹಿಡಿದು ಕರೆಯಲು ನಾಚಿಕೆಯಾಗುತ್ತಿತ್ತು. ಕಡೆಗೆ ಒಪ್ಪಿಗೆ ಬಂತು. ಅವಳು ಚೀಟಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ದೋಣಿ ಹತ್ತಿದಳು. ಗಳುವಿನ ಮೇಲಿನ ವಸ್ತ್ರ ಆ ಮಧ್ಯಾಹ್ನ ಕೆಳಗಿಳಿಯಿತು, ಮತ್ತೆ ಏರಲಿಲ್ಲ.

ಇದನ್ನು ತ್ಯಾಗ ಎಂದು ಬರೆಯಲು ನನಗೆ ಧೈರ್ಯವಿಲ್ಲ. ಆಮೇಲೆ ಕೆಲವೇ ವಾರಗಳಲ್ಲಿ ಒಂದು ಹಾಳೆಯಲ್ಲಿ ನಿಮ್ಮ ಆ ಸಾಲಿನ ಮುಂದೆ ನನ್ನ ಹೆಸರು ಬಂತು. ಮಂದಾಕಿನಿಯೇ ಬೇಕು. ಅದನ್ನು ಮೂರು ಸಲ ಓದಿದೆ. ಇಪ್ಪತ್ತು ವರ್ಷ ಬೇರೆಯವರ ಹೆಸರು ಬರೆದವಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನು ಅಡುಗೆಮನೆಗೆ ಬಂದದ್ದು ಬಾಳವ್ವನಿಗಾಗಿಯೋ, ಈ ಒಂದು ಸಾಲಿಗಾಗಿಯೋ? ಆ ಸಂತೋಷ ಇಳಿಯುವಷ್ಟರಲ್ಲಿ ನಾನು ಇಲ್ಲಿ ಉಳಿಯಬೇಕಾದ ಲೆಕ್ಕ ಹನ್ನೆರಡನೇ ವರ್ಷಕ್ಕೆ ಹೋಗಿತ್ತು. ಈಗ ನನಗೆ ಷರಾ ಬರೆಯುವ ಹುಡುಗಿ ಒಳ್ಳೆಯವಳು. ಅವಳ ಒಳ್ಳೆಯತನಕ್ಕೆ ನಾನು ಹೆದರುತ್ತೇನೆ.

ಕಳೆದ ತಿಂಗಳು ಬಾಳವ್ವ, ಯಮನೂರಪ್ಪ ಇಬ್ಬರೂ ಬಂದಿದ್ದರು. ಹೊರಗೆ ಹೋದ ಮನೆಯವರಿಗೆ ಒಮ್ಮೆ ಬಂದವರಾಗಿ ಬಂದು ಉಣ್ಣುವ ಹಕ್ಕಿದೆ. ನನ್ನ ಕಾಲದಲ್ಲಿ ಅದನ್ನು ಯಾರೂ ಬಳಸಿದ್ದಿಲ್ಲ. ಮೊದಲು ಅವನ ಗುರುತು ನನಗೆ ಹತ್ತಲಿಲ್ಲ. ಅವಳು ಅದನ್ನು ಗಮನಿಸಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಬಡಿಸಿದೆ. ಅವಳು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನೇನು ತಿನ್ನೂದೋ, ಹೊಚ್ಚಿಕೊಂಡು ಮಲಗೂದೋ?" ಎಂದಳು. ಆದರೂ ಮೂರು ತಿಂದಳು. ಹೊರಡುವಾಗ ಹಾಳೆ ಕೊಟ್ಟೆ, ಕೊಡಲೇಬೇಕಾದ ನಿಯಮ. ಯಮನೂರಪ್ಪ ಉಪಕಾರ ತೀರಿಸುವವನ ಮುಖ ಮಾಡಿಕೊಂಡು ನನ್ನ ಹೆಸರು ಬರೆಯಲು ಪೆನ್ನು ಎತ್ತಿದ. ಅವಳು ಅವನ ಕೈ ಹಿಡಿದಳು. "ಇಡು ಅದನ್ನ. ಇಷ್ಟು ದಿನ ವಸ್ತ್ರ ಕಟ್ಟಿದ್ದು ಮರ್ತಿಯೇನು?"

ಅವರು ಹೋದ ಮೇಲೆ ಹಾಳೆ ನೋಡಿದೆ. ಊಟ ಹೇಗಿತ್ತು ಎಂಬುದರ ಮುಂದೆ, ರೊಟ್ಟಿ ದಪ್ಪ ಎಂದಿತ್ತು. ಕೊನೆಯ ಸಾಲು ಖಾಲಿ. ಇಷ್ಟು ವರ್ಷಗಳಲ್ಲಿ ನನ್ನ ಮೇಲಿನ ಪ್ರೀತಿಯಿಂದ ಯಾರಾದರೂ ಏನನ್ನಾದರೂ ಬಿಟ್ಟುಹೋಗಿದ್ದರೆ ಅದು ಆ ಖಾಲಿ ಜಾಗ.

ನೀವು ಆ ಸಾಲು ಬರೆಯುವಾಗ ಯಾರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಿರಿ? ಚೆನ್ನಾಗಿ ದುಡಿಯುವ ಒಬ್ಬಳ ಹೆಸರು ನಾಲ್ಕು ಜನರ ಬಾಯಲ್ಲಿ ಬರಲಿ ಎಂದೇ ಇರಬೇಕು. ನಾನೂ ಹಾಗೆಯೇ ಬರೆದಿದ್ದೆ. ನಿಮ್ಮ ಮನಸ್ಸಿನಲ್ಲಿದ್ದವಳು ಈಗ ನಿಮ್ಮ ಅಡುಗೆಮನೆಯಲ್ಲೇ ಇರಬಹುದು. ಎದ್ದು ಹೋಗಿ ಅವಳ ಎದುರಿಗೇ ಹೇಳಿ, ಇವತ್ತಿನ ಊಟ ಚೆನ್ನಾಗಿತ್ತು ಎಂದು. ಅವಳು ಯಾವಾಗ ಮನೆಗೆ ಹೋಗಬೇಕು ಎಂದೂ ಕೇಳಿ. ಆಮೇಲೆ ಬಂದು, ಆ ಸಾಲು ಸೇರಿಸದೆ ಪೆನ್ನು ಕೆಳಗಿಡಿ.

ಈ ಪತ್ರ ತಲುಪಿದ್ದರೆ ಗೋಡೆಯ ಮೇಲಿನ ಹಾಳೆಯಲ್ಲಿ ಆ ಸಾಲು ಇರುವುದಿಲ್ಲ. ಪ್ರತಿದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಹೋಗಿ ನೋಡುತ್ತೇನೆ.

ಇತಿ,
ಮಂದಾಕಿನಿ ಹಂಪಿಹೊಳಿ
ಅಡುಗೆಮನೆ, ಕೆಂಬಂಡೆ