ಎರಡು ಚಮಚ ಪುಡಿ, ಒಂದು ಗುಟುಕು ನೀರು

ಮಾರ್ಚ್ 3, ಬೆಳಿಗ್ಗೆ 7.40

ಏಣಿ ಹತ್ತಿ ಕ್ರೇನ್ ಕ್ಯಾಬಿನ್‌ಗೆ ಬಂದಾಯಿತು. ಕೆಳಗೆ ಕಬ್ಬಿಣದ ಕಟ್ಟು ಇನ್ನೂ ಕಟ್ಟುತ್ತಿದ್ದಾರೆ. ಅಲ್ಲಿಯವರೆಗೆ ಇದನ್ನು ಬರೆಯುವುದು. ಹೊಟ್ಟೆ ಕದಲದೆ ಇವತ್ತಿಗೆ ನಾಲ್ಕು ದಿನ.

ವಾಕಿಟಾಕಿಯಲ್ಲಿ ಭಾಮೈದ. "ಭಾವ, ಗುಡ್ ಮಾರ್ನಿಂಗ್." ವಾಲ್ಯೂಮ್ ಇಳಿಸಿದೆ. ಕೆಳಗೆ ನಿಂತು ಕ್ರೇನ್‌ಗೆ ಸಿಗ್ನಲ್ ಹೇಳುವುದು ಅವನ ಕೆಲಸ. ಸೇರಿಸಿದ್ದು ನಾನೇ, ಹೆಂಡತಿಯ ತಮ್ಮ ಅಂತ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ಮೂತ್ರಕ್ಕೆ ಇಳಿದು ಹತ್ತಲು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಕೆಲಸವೆಲ್ಲ ನಿಲ್ಲುತ್ತದೆ. ಅದಕ್ಕೇ ಎಲ್ಲ ಆಪರೇಟರ್‌ಗಳೂ ಮೇಲೆ ಒಂದು ಬಾಟಲಿ ಇಟ್ಟುಕೊಳ್ಳುತ್ತಾರೆ. ಹೋದ ತಿಂಗಳು ಇವನು ಓಪನ್ ಚಾನೆಲ್‌ನಲ್ಲಿ, ಮೂವತ್ತು ಜನರ ಕಿವಿಗೆ, "ಭಾವ, ಬಾಟಲಿ ತುಂಬ್ತಾ, ಲೋಡ್ ಕಳಿಸ್ಲಾ?" ಅಂದ. ಅವತ್ತಿನಿಂದ ಸೈಟಿನಲ್ಲಿ ನನ್ನ ಹೆಸರೇ ಬಾಟಲಿ. ಹತ್ತೊಂಬತ್ತು ವರ್ಷದ ಸರ್ವೀಸ್ ನೀರುಪಾಲು. ಮರುದಿನ ಬಾಟಲಿ ಬಿಸಾಡಿದೆ. ನೀರನ್ನೂ ಬಿಟ್ಟೆ. ಬೆಳಿಗ್ಗೆ ಎದ್ದಾಗಿನಿಂದ ಸಂಜೆ ಐದರವರೆಗೆ ತೊಟ್ಟು ನೀರಿಲ್ಲ.

ಮಾರ್ಚ್ 4, ಸಂಜೆ

ಹೆಂಡತಿ ಬಿಡಲಿಲ್ಲ, ಮೆಡಿಕಲ್ ಶಾಪಿಗೆ ಎಳೆದುಕೊಂಡು ಹೋದಳು. ಅಂಗಡಿಯಮ್ಮ ಫೈಬರ್ ಪುಡಿಯ ಡಬ್ಬಿ ಕೊಟ್ಟು ಪಾಠ ಶುರು ಮಾಡಿದರು. "ಮೊದಲು ಒಂದೇ ಚಮಚ, ಒಂದು ದೊಡ್ಡ ಲೋಟ ನೀರಿಗೆ. ಒಂದು ವಾರ ನೋಡ್ಕೊಂಡು ನಿಧಾನಕ್ಕೆ ಜಾಸ್ತಿ ಮಾಡಿ. ದಿನವೆಲ್ಲ ನೀರು ಕುಡೀತಾ ಇರ್ಬೇಕು. ನೀವು ತಗೊಳ್ಳೋ ಬಿಪಿ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರ್ಲಿ. ಹೊಟ್ಟೆ ನೋವು, ವಾಂತಿ ಬಂದ್ರೆ ನಿಲ್ಲಿಸಿ ಡಾಕ್ಟರ್ ಹತ್ರ ಓಡಿ."

"ಪುಡಿ ತಾನೇ, ವಿಷ ಅಲ್ವಲ್ಲ" ಅಂದೆ. ಇವಳು ನನ್ನ ಕಾಲು ತುಳಿದಳು.

ಮಾರ್ಚ್ 5, 7.50

ಎರಡು ಚಮಚ ಬಾಯಿಗೆ ಹಾಕಿಕೊಂಡೆ, ಒಂದೇ ಗುಟುಕು ನೀರು. ಗಂಟಲಲ್ಲಿ ಅಂಟಿಕೊಂಡು ಉಸಿರೇ ಸಿಕ್ಕಿಕೊಂಡಿತು. ಕೆಮ್ಮಿ ಕೆಮ್ಮಿ ಒಳಗೆ ಹೋಯಿತು. ದೊಡ್ಡ ಲೋಟ ನೀರು ಕುಡಿದರೆ ಹತ್ತು ಗಂಟೆಗೆ ಎಲ್ಲಿಗೆ ಹೋಗಲಿ? ಆ ಅಂಗಡಿಯಮ್ಮ ಕ್ರೇನ್ ಹತ್ತಿದ್ದಾಳಾ?

ಮಾರ್ಚ್ 8

ಏನೂ ಆಗಿಲ್ಲ. ಹೊಟ್ಟೆ ಹಲಗೆಯಾಗಿದೆ. ಬೆಲ್ಟಿನ ತೂತು ಒಂದು ಹಿಂದಕ್ಕೆ. ಪುಡಿ ಮೂರು ಚಮಚ ಮಾಡಿದೆ.

ಇವಳು: "ನೀರು ಕುಡೀತಿದ್ದೀರಾ?"

"ನಿನ್ನ ತಮ್ಮನ್ನ ಕೇಳು."

"ಅವನೇನ್ ಮಾಡ್ದ?"

ಹೇಳಲಿಲ್ಲ. ಹೇಳಿದರೆ ಇವಳೂ ನಗುತ್ತಾಳೆ. ಅಕ್ಕ ತಮ್ಮ ಇಬ್ಬರಿಗೂ ಒಂದೇ ನಗು.

ಮಾರ್ಚ್ 10, 10.15

ನೋವು ಅಲೆಯಲೆಯಾಗಿ ಬರುತ್ತಿದೆ. ತಿಂಡಿಯೆಲ್ಲ ಕವರಿನಲ್ಲಿ ಕಕ್ಕಿದೆ. ಮುಂದಿನ ಲೋಡ್ ಎರಡು ಟನ್. ಇಳಿಯುತ್ತೇನೆ ಅಂತ ಮಾತ್ರ ಇವರ ಮುಂದೆ ಬಾಯಿ ಬಿಡುವುದಿಲ್ಲ. ಭಾಮೈದ ಎತ್ತಿ ಅನ್ನುತ್ತಿದ್ದಾನೆ. ಎತ್ತು

ಮಾರ್ಚ್ 14, ಆಸ್ಪತ್ರೆ

ಕೈಯಲ್ಲಿ ಸೂಜಿ, ಅಕ್ಷರ ಸೊಟ್ಟ.

ಅವತ್ತು ಲೋಡ್ ಆರನೇ ಮಹಡಿಯ ಎತ್ತರದಲ್ಲಿದ್ದಾಗ ಕಣ್ಣು ಕತ್ತಲೆ ಬಂತು. ಲಿವರ್ ಹಿಡಿದುಕೊಂಡು ಕೂತುಬಿಟ್ಟೆ. ಕೆಳಗೆ ಅಷ್ಟೂ ಜನ. ನನ್ನ ಉಸಿರು ವಾಕಿಯಲ್ಲಿ ಭಾಮೈದನಿಗೆ ಕೇಳಿರಬೇಕು. "ಭಾವ, ಬೇರೇನೂ ಯೋಚಿಸ್ಬೇಡಿ. ನಾನು ಹೇಳಿದಷ್ಟು ಮಾಡಿ. ಇಳಿಸಿ... ಇನ್ನೂ ಇಳಿಸಿ... ಸಾಕು." ಲೋಡ್ ನೆಲ ಮುಟ್ಟಿತು. ಆಮೇಲೆ ಅವನೇ ಹತ್ತಿ ಬಂದ. ಇಳಿಯುವಾಗ ನನ್ನ ಕೆಳಗೇ ಇದ್ದು, ಒಂದೊಂದು ಮೆಟ್ಟಿಲಿಗೂ ನನ್ನ ಪಾದ ಹಿಡಿದು ಇಡಿಸಿದ. ಎರಡು ಸಲ ಅವನ ತಲೆ ಮೇಲೇ ವಾಂತಿ ಮಾಡಿದೆ. ತೋಳಿನಲ್ಲಿ ಒರೆಸಿಕೊಂಡು ಮುಂದಿನ ಮೆಟ್ಟಿಲಿಗೆ ಪಾದ ಇಡಿಸಿದ.

ಕರುಳಿನಲ್ಲಿ ಎಲ್ಲ ಗಟ್ಟಿಯಾಗಿ ಅಡ್ಡ ಕೂತಿತ್ತಂತೆ. ಆಪರೇಷನ್ ಕೂದಲೆಳೆಯಲ್ಲಿ ತಪ್ಪಿತು. ಮೂಗಿಗೆ ನಳಿಕೆ, ಡ್ರಿಪ್, ಎನಿಮಾ. ಮರ್ಯಾದೆ ಅಂತ ನಾನು ಕಾಪಾಡಿಕೊಂಡಿದ್ದೆಲ್ಲ ಎರಡೇ ದಿನದಲ್ಲಿ ಹೋಯಿತು.

ಡಾಕ್ಟರ್ ಬೈದರು. "ಆ ಪುಡಿ ನೀರು ಹೀರ್ಕೊಂಡು ಉಬ್ಬಿದ್ರೇ ಕೆಲಸ ಮಾಡೋದು. ನೀರೇ ಕೊಡ್ದೆ ಚಮಚ ಮೇಲೆ ಚಮಚ ತುಂಬಿದ್ದೀರಲ್ಲ. ನೀರು ಯಾಕ್ ಕುಡೀತಿರ್ಲಿಲ್ಲ?"



"ನನ್ನಿಂದ" ಅಂದ ಭಾಮೈದ, ಬಾಗಿಲ ಹತ್ತಿರ ನಿಂತವನು. ಅಕ್ಕನ ಎದುರೇ ಬಾಟಲಿಯ ಕಥೆಯೆಲ್ಲ ಹೇಳಿದ. ಇವಳು ನಗಲಿಲ್ಲ. ನನಗೆ ಇನ್ನಷ್ಟು ಸಿಟ್ಟು ಬಂತು. ನನ್ನ ಹೊಟ್ಟೆಯ ಕಥೆ ಹೇಳಲು ಇವನ್ಯಾರು? ಇಪ್ಪತ್ತು ದಿನ ಬಾಯಿ ಹೊಲಿದುಕೊಂಡಿದ್ದವನು ನಾನು, ಅವನು ಎರಡು ನಿಮಿಷದಲ್ಲಿ ಮುಗಿಸಿದ. ಹೊರಗೆ ಹೋಗು ಅಂದೆ. ಹೋದ.

ಮಾರ್ಚ್ 30, 11.20

ಮತ್ತೆ ಕ್ಯಾಬಿನ್. ನೋವೆಲ್ಲ ಹೋದಮೇಲೆ ಡಾಕ್ಟರ್ ಒಪ್ಪಿದ್ದು ಇಷ್ಟು: ಬೆಳಿಗ್ಗೆ ಅರ್ಧ ಚಮಚ, ಪೂರ್ತಿ ದೊಡ್ಡ ಲೋಟ ನೀರು, ದಿನವೆಲ್ಲ ನೀರು. ಹೊಟ್ಟೆ ಹಗುರ. ಅದರ ಫಲ ಈಗ ಬಂದಿದೆ. ಇಳಿಯಲೇಬೇಕು.

ಹತ್ತು ನಿಮಿಷದಿಂದ ವಾಕಿ ಕೈಯಲ್ಲಿ ಹಿಡಿದು ಕೂತಿದ್ದೇನೆ. ಮೂವತ್ತು ಜನ ಕೇಳುತ್ತಾರೆ. ಎರಡು ಟನ್ ಎತ್ತುವವನಿಗೆ ಒಂದು ಗುಂಡಿ ಒತ್ತಲು ಆಗುತ್ತಿಲ್ಲ.

11.24

ಒತ್ತಿದೆ. "ಇಳೀಬೇಕು. ಮೂತ್ರಕ್ಕೆ" ಅಂದೆ.

ಯಾರೋ ಕಿಸಕ್ಕೆಂದರು. ಆಮೇಲೆ ಅವನ ಧ್ವನಿ: "ಕ್ರೇನ್ ನಿಂತಿದೆ. ಯಾರೂ ಲೋಡ್ ಕಟ್ಬೇಡಿ. ಭಾವ ಇಳೀತಿದಾರೆ. ನಗೋರು ಚಾನೆಲ್ ಬಿಟ್ಟು ನನ್ನೆದುರಿಗೆ ಬಂದು ನಗಿ."



ಇಷ್ಟಕ್ಕೆಲ್ಲ ನಾನು ಕರಗುವವನಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಹಾಗೇ ಇದೆ. ಯಾಕೆ ಅನ್ನುವುದಕ್ಕೆ ಕಾರಣಗಳಿವೆ, ಒಂದೊಂದಾಗಿ ಬರೆಯುತ್ತೇನೆ. ಮೊದಲನೆಯದು — ಇಲ್ಲ, ತಡೆಯಲು ಆಗು