ಅಮ್ಮ ವಿಮಾನ ಹತ್ತುತ್ತಾಳಂತೆ

ಅಣ್ಣಾ,

ಮಂಗಳೂರಿನಿಂದ ತಂತಿ ಬಂತು. ಸೇವಂತಿಯಕ್ಕನಿಗೆ ಅವಳಿ ಹೆಣ್ಣುಮಕ್ಕಳು, ಮೂವರೂ ಸೌಖ್ಯ!

ಮಳೆಗಾಲ ಅಂತ ಹಡಗಿಲ್ಲ, ಬಸ್ಸಿನಲ್ಲಾದರೆ ಎರಡು ದಿನ. "ವಿಮಾನಕ್ಕೆ ಎಷ್ಟು ಹೊತ್ತು?" ಅಂತ ಅಮ್ಮನೇ ಕೇಳಿದಳು, ಲಿಫ್ಟಿಗೂ ಕಾಲಿಡದ ನಮ್ಮಮ್ಮ! ಎರಡೂವರೆ ಗಂಟೆ ಅಂದೆ.

"ಅಷ್ಟೇಯಾ? ದೋಸೆಗೆ ಅಕ್ಕಿ ನೆನೆಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕಲ್ಲ!" ಅಂದವಳೇ ಟ್ರಂಕು ಎಳೆದಳು.

ನಾಳೆಯ ಟಿಕೆಟ್ ಮಾಡಿಸಲು ಇಬ್ಬರೂ ಹೊರಟಿದ್ದೇವೆ. ಊಟ ಮುಚ್ಚಿಟ್ಟಿದೆ. ಅವಳ ನೀಲಿ ಸೀರೆ ಇಸ್ತ್ರಿಗೆ ಕೊಡು. ವಿಮಾನ ಅಲುಗಾಡುತ್ತದೆ ಅಂತ ಮಾತ್ರ, ದಮ್ಮಯ್ಯ, ತಮಾಷೆಗೂ ಹೇಳಬೇಡ.

ಹೆದರಿಕೆ ಇಲ್ಲವಾ ಅಂತ ನಾನೇ ಕೇಳಿಬಿಟ್ಟೆ. "ಉಂಟು. ಆದರೆ ಎರಡೆರಡು ಮಕ್ಕಳನ್ನು ಅವಳೊಬ್ಬಳೇ ಹೇಗೆ ಎತ್ತಿಕೊಳ್ಳುವುದು?" ಅಂದಳು.

ಪ್ರಫುಲ್ಲಾ