ಹನ್ನೊಂದು ಚುಕ್ಕೆಗಳ ತಕರಾರು

ಮನೆ,
ಬುಧವಾರ, ಇಪ್ಪತ್ತನೇ ತಾರೀಕು,
ಬೆಳಿಗ್ಗೆ ಒಂಬತ್ತು ಗಂಟೆ.

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಕೆಮ್ಮು ಹೋಯಿತೇ? ಹೋದ ವಾರ ನಿಮ್ಮ ಟೆಲಿಸ್ಕೋಪು ಕೇಂದ್ರಕ್ಕೆ ತರಕಾರಿ ಹಾಕಿ ಬಂದ ಗಾಡಿಯವನು, "ನಿಮ್ ಮಗಳು ಕೆಮ್ತಾ ಇದ್ರು ಅಮ್ಮಾ, ಆದ್ರೆ ನನ್ನನ್ನ ಜೋರಾಗೇ ಬೈದ್ರು, ಅಂದ್ರೆ ಹುಷಾರಾಗೇ ಇದಾರೆ" ಎಂದು ವರದಿ ಒಪ್ಪಿಸಿದ. ಬೈಯುವ ಶಕ್ತಿ ಇದೆಯೆಂದು ನನಗೂ ಸಮಾಧಾನವಾಯಿತು. ಆ ಎತ್ತರದ ಬಯಲಿನ ಚಳಿ ಪಾದದಿಂದ ಹತ್ತುತ್ತದೆ ಎಂದು ನೀನೇ ಹೇಳುತ್ತಿದ್ದೆ, ಎರಡು ಜೊತೆ ಸಾಕ್ಸ್ ಹಾಕಿಕೋ. ಹಗಲು ಮಲಗುತ್ತೇನೆ ಎಂಬ ನೆಪದಲ್ಲಿ ಮಧ್ಯಾಹ್ನದ ಊಟ ಬಿಡಬೇಡ. ನಾನು ಚೆನ್ನಾಗಿದ್ದೇನೆ. ಈ ತಿಂಗಳು ಹೊಸ ವಸತಿಗೃಹವೊಂದರ ನಲವತ್ತೆರಡು ಕಿಟಕಿಗಳ ಪರದೆ ಹೊಲಿಯುತ್ತಿದ್ದೇನೆ, ಮಂಡಿ ಸ್ವಲ್ಪ ಹಿಡಿದುಕೊಂಡಿದೆ, ಅಷ್ಟೇ. ನಿನ್ನ ಅಪ್ಪನ ಆರೋಗ್ಯವನ್ನು ನೀನು ಕೇಳುವುದಿಲ್ಲ ಎಂದು ಗೊತ್ತು, ಆದರೂ ಹೇಳುತ್ತೇನೆ: ರಕ್ತದೊತ್ತಡ ಸರಿಯಿದೆ, ತಲೆ ಮಾತ್ರ ಸರಿಯಿಲ್ಲ. ಅದಕ್ಕೆ ಕಾರಣ ಅರ್ಧ ಅವರು, ಅರ್ಧ ನೀನು. ಇಬ್ಬರ ನಡುವೆ ಸಿಕ್ಕಿ ನನಗೆ ಸಾಕುಸಾಕಾಗಿದೆ.

ಅವರು ಕಳಿಸಿದ ಎರಡು ಲಕೋಟೆಗಳನ್ನೂ ನೀನು ಒಡೆಯದೆ ವಾಪಸು ಕಳಿಸಿದೆ. ಎರಡನೆಯದನ್ನು ತಂದಾಗ ಗಾಡಿಯವನಿಗೇ ಬೇಸರ ಬಂದಿತ್ತು. "ಅಮ್ಮಾ, ನಾನು ತರಕಾರಿ ಸಾಗಿಸೋನು. ಟೊಮೇಟೊ ವಾಪಸ್ ಬಂದ್ರೆ ಕೊಳೆತಿದೆ ಅಂತ ಹೇಳ್ಬೋದು. ಇದಕ್ಕೆ ಏನಂತ ಹೇಳ್ಲಿ?" ಎಂದು ಅದನ್ನು ಹೊಲಿಗೆ ಯಂತ್ರದ ಮೇಲಿಟ್ಟು ಹೋದ. ಅದರಲ್ಲಿ ಉಪದೇಶವಿರಲಿಲ್ಲ ತಾಯಿ, ಕಣ್ಣೀರೂ ಇರಲಿಲ್ಲ. ಒಂದು ಹಾಳೆ ಇತ್ತು, ನಿಮ್ಮ ಆಕಾಶದ ಫೋಟೋ ತೆಗೆಯುವವರ ಸಂಘಕ್ಕೆ ಕೊಡಬೇಕಾದ ಹೇಳಿಕೆ. ನಿನ್ನ ಚಿತ್ರದಲ್ಲಿ ಕೈಯಾಡಿಸಿದ್ದು ತಾನು ಎಂದು ಅವರು ಬರೆದು ಸಹಿ ಮಾಡಿದ್ದಾರೆ. ಕೆಳಗೆ ನಿನ್ನ ಸಹಿಗೆ ಜಾಗ ಬಿಟ್ಟಿದ್ದಾರೆ. ಇದು ಮೂವತ್ತನೇ ತಾರೀಕಿನೊಳಗೆ ಸಂಘಕ್ಕೆ ತಲುಪಬೇಕು. ತಲುಪದಿದ್ದರೆ ಸದಸ್ಯರ ಪಟ್ಟಿಯಿಂದ ನಿನ್ನ ಹೆಸರು ಶಾಶ್ವತವಾಗಿ ಹೋಗುತ್ತದೆ. ಸದಸ್ಯೆಯಲ್ಲದವಳಿಗೆ ಅಲ್ಲಿ ಟೆಲಿಸ್ಕೋಪುಗಳ ಉಸ್ತುವಾರಿ ಕೊಡುವುದಿಲ್ಲ ಎಂಬುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಇಂದು ಇಪ್ಪತ್ತು. ಎಣಿಸಿಕೋ.

ನಡೆದದ್ದನ್ನು ನಾನು ಎಲ್ಲರಿಗಿಂತ ಹತ್ತಿರದಿಂದ ನೋಡಿದ್ದೇನೆ, ಆದ್ದರಿಂದ ಒಂದು ಸಲ ಸಾಲಾಗಿ ಬರೆಯುತ್ತೇನೆ. ನೀನು ಎರಡು ಚಳಿಗಾಲ ಆಕಾಶದ ಒಂದೇ ತುಣುಕಿನ ಮುಂದೆ ಕುಳಿತೆ. ಐದು ಐದು ನಿಮಿಷದ ಐನೂರ ಐವತ್ತೆರಡು ಫೋಟೋಗಳು, ಒಂದರ ಮೇಲೊಂದು ಪೇರಿಸಿದರೆ ಒಂದು ಗ್ಯಾಲಕ್ಸಿ. ಸಂಘದ ಸ್ಪರ್ಧೆಗೆ ಕಳಿಸುವ ಕೊನೆಯ ದಿನ ನಿನಗೆ ಕೆಲಸದಿಂದ ಬಿಡುವಿರಲಿಲ್ಲ. ಚಿತ್ರವನ್ನು ಅಪ್ಪನಿಗೆ ಕಳಿಸಿ ಫೋನಿನಲ್ಲಿ ನೀನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ, ಏಕೆಂದರೆ ಸ್ಪೀಕರ್ ಹಾಕಿದ್ದರು: "ಅಪ್ಪಾ, ಉಪಗ್ರಹಗಳ ಗೆರೆ ನಾಲ್ಕೈದು ಉಳ್ಕೊಂಡಿವೆ, ಒರೆಸಿಬಿಡಿ. ಚೊಕ್ಕಟವಾಗಿರಲಿ. ಸಂಜೆಯೊಳಗೆ ಬೇಕು." ಮೂವತ್ತೆಂಟು ವರ್ಷ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಟಚಿಂಗ್ ಕೆಲಸ, ಅಂದರೆ ಫೋಟೋದ ಮುಖಗಳ ಕಲೆ ಅಳಿಸುವ ಕೆಲಸ, ಮಾಡಿದ ಮನುಷ್ಯನಿಗೆ ಚೊಕ್ಕಟವಾಗಿರಲಿ ಎಂದು ಹೇಳಿದರೆ ಅವರೇನು ಮಾಡುತ್ತಾರೆ? ಗೆರೆ ಒರೆಸಿದರು. ಆಮೇಲೆ ಗ್ಯಾಲಕ್ಸಿಯ ಅಂಚಿನಲ್ಲಿ ಮೊಡವೆಗಳಂತೆ ಕಂಡ ಹನ್ನೊಂದು ಮಸುಕು ಚುಕ್ಕೆಗಳನ್ನೂ, ಯಾರೂ ಕೇಳದೆಯೇ, ಒರೆಸಿದರು. ಕ್ಯಾಮೆರಾದ ದೋಷವೆಂದುಕೊಂಡರಂತೆ. ನನ್ನನ್ನು ಕರೆದು ತೋರಿಸಿದರು ಕೂಡ. "ನೋಡು, ಈಗ ಮುಖ ತೊಳ್ಕೊಂಡು ಬಂದ ಹಾಗಿದೆ" ಎಂದರು. ನಾನೂ ಹೌದು ಎಂದೆ. ನೀನು ಒಂದು ಸಲ ತೆರೆದೂ ನೋಡದೆ ಸ್ಪರ್ಧೆಗೆ ಕಳಿಸಿದೆ. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ತೀರ್ಪುಗಾರರು ಮೂಲ ಫೋಟೋಗಳನ್ನು ತರಿಸಿ ಪಕ್ಕಪಕ್ಕ ಇಟ್ಟು ನೋಡಿ, ಚಿತ್ರವನ್ನು ಸ್ಪರ್ಧೆಯಿಂದ ತೆಗೆದು, ನಿನ್ನ ಸದಸ್ಯತ್ವವನ್ನು ಸದ್ಯಕ್ಕೆ ತಡೆಹಿಡಿದರು. ಹನ್ನೊಂದು ಕಡಿಮೆ. ಅದರಲ್ಲಿ ಮೂರು ನಕ್ಷತ್ರಗಳೂ ಅಲ್ಲವಂತೆ, ಅದಕ್ಕಿಂತ ಎಷ್ಟೋ ದೂರದ ಬೇರೆ ಗ್ಯಾಲಕ್ಸಿಗಳಂತೆ. ಅದನ್ನು ಕೇಳಿದ ದಿನ ನಿನ್ನ ಅಪ್ಪ ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ. "ಮೂರು ಗ್ಯಾಲಕ್ಸಿ ಒರೆಸಿ ಹಾಕಿದೀನಿ ಕಣೇ, ಅದೂ ಊಟಕ್ಕೆ ಮುಂಚೆ" ಎಂದರು. ನನಗೆ ನಗು ಬಂದುಬಿಟ್ಟಿತು, ಅದನ್ನು ಅವರು ಇನ್ನೂ ಕ್ಷಮಿಸಿಲ್ಲ. ನೀನು ಬಂದಾಗ ಅವರು ಆಡಿದ ಮೊದಲ ಮಾತು ತಪ್ಪು, ಒಪ್ಪುತ್ತೇನೆ. "ಹನ್ನೊಂದು ತಾನೇ, ಇನ್ನೂ ಸಾವಿರಾರು ಇವೆಯಲ್ಲ" ಎನ್ನಬಾರದಿತ್ತು. ಗಾಬರಿಯಲ್ಲಿ ಅವರು ಯಾವಾಗಲೂ ಹೀಗೆ ಅಡ್ಡಡ್ಡ ಮಾತಾಡುತ್ತಾರೆ. ಆದರೆ ಅದಕ್ಕೆ ನೀನು ಕೊಟ್ಟ ಉತ್ತರ! "ಜೀವಮಾನ ಪೂರ್ತಿ ಜನರ ಮುಖಕ್ಕೆ ಸುಳ್ಳು ಬಳಿದಿರಿ. ಆಕಾಶಾನಾದ್ರೂ ಬಿಡಬಾರದಾಗಿತ್ತಾ?" ಚೀಲ ಎತ್ತಿಕೊಂಡು ಹೋದೆ. ಪ್ರತಿ ಹುಣ್ಣಿಮೆಗೂ, ಬೆಳದಿಂಗಳಲ್ಲಿ ಫೋಟೋ ಬೀಳುವುದಿಲ್ಲವೆಂದು, ರಜೆ ಹಾಕಿ ಮನೆಗೆ ಬರುತ್ತಿದ್ದವಳು ನೀನು. ನಾಲ್ಕು ಹುಣ್ಣಿಮೆ ಕಳೆದವು.

ಇಷ್ಟೇ ಆಗಿದ್ದರೆ ಅಪ್ಪ ಮಗಳ ಜಗಳ ಎಂದು ನಾನು ನನ್ನ ಪಾಡಿಗೆ ಪರದೆ ಹೊಲಿದುಕೊಂಡು ಇರುತ್ತಿದ್ದೆ. ಆದರೆ ಹೋದ ತಿಂಗಳು ನಿಮ್ಮ ಸಂಘದ ಪತ್ರಿಕೆ ಮನೆಯ ವಿಳಾಸಕ್ಕೆ ಬಂತು. ನಿನ್ನ ಹೆಸರಿನ ಅಂಚೆ ಒಡೆಯುವ ಹಕ್ಕು ನಮಗಿಲ್ಲ, ಆದರೂ ನಿನ್ನ ಅಪ್ಪ ಒಡೆದರು. ಅದರಲ್ಲಿ ನಿನ್ನ ಹೇಳಿಕೆ ಅಚ್ಚಾಗಿತ್ತು: ಚಿತ್ರದಲ್ಲಿ ಆಗಿರುವ ಬದಲಾವಣೆಗಳನ್ನೆಲ್ಲ ನಾನೊಬ್ಬಳೇ ಮಾಡಿದ್ದೇನೆ. ಗುಬ್ಬೀ, ನಿನಗೆ ಏನೆನ್ನಲಿ? ಮನೆಯೊಳಗೆ ಅವರ ಎದೆಗೆ ಒದ್ದ ಹಾಗೆ ಮಾತಾಡಿ, ಹೊರಗೆ ಹೋಗಿ ಅವರ ತಪ್ಪನ್ನು ನಿನ್ನ ತಲೆಗೆ ಸುತ್ತಿಕೊಂಡೆ. ಎರಡರಲ್ಲಿ ಒಂದನ್ನಾದರೂ ಬಿಡಬಹುದಿತ್ತು. ಅವರ ಹೆಸರು ಕೆಡಬಾರದೆಂದು ಹಾಗೆ ಮಾಡಿದೆ ಎಂದು ನನಗೆ ತಿಳಿಯಿತು. ಅವರಿಗೆ ತಿಳಿದದ್ದು ಬೇರೆ. ಪತ್ರಿಕೆಯನ್ನು ನಾಲ್ಕು ಸಲ ಓದಿ, "ನನ್ನ ಕೈಕೆಲಸಕ್ಕೆ ಅವಳು ಯಾಕೆ ಹೆಸರು ಹಾಕಿದ್ಲು?" ಎಂದರು. ಸ್ಟುಡಿಯೋದಲ್ಲಿ ಮೂವತ್ತೆಂಟು ವರ್ಷವೂ ಚಿತ್ರದ ಹಿಂದೆ ಮಾಲೀಕರ ಮೊಹರು ಬೀಳುತ್ತಿತ್ತು, ಅವರ ಹೆಸರು ಎಲ್ಲಿಯೂ ಬೀಳಲಿಲ್ಲ. ಒಳ್ಳೆಯ ಕೆಲಸ ಹೋಗಲಿ, ಕೆಟ್ಟ ಕೆಲಸವಾದರೂ ತನ್ನ ಹೆಸರಿನಲ್ಲಿರಬೇಕು ಎಂಬುದು ಈಗ ಅವರ ಹಟ.

ಈ ಹಟದಿಂದ ನನ್ನ ಮನೆ ಏನಾಗಿದೆ ಕೇಳು. ನಿನ್ನ ಗ್ಯಾಲಕ್ಸಿಯನ್ನು ತಿದ್ದುವ ಮೊದಲು ಇದ್ದ ಹಾಗೆಯೇ ಹದಿನಾರು ಹಾಳೆಗಳಲ್ಲಿ ಅಚ್ಚು ಹಾಕಿಸಿ ನಡುಮನೆಯ ಗೋಡೆಗೆ ಅಂಟಿಸಿದ್ದಾರೆ. ಬೆಳಿಗ್ಗೆ ಚಹಾ ಮುಗಿಯುತ್ತಲೇ ಭೂತಗನ್ನಡಿ ಹಿಡಿದು, ನಕ್ಷತ್ರಗಳ ನಕ್ಷೆಯ ಪುಸ್ತಕ ಬಿಡಿಸಿ, ಒಂದೊಂದು ಚುಕ್ಕೆಯನ್ನೂ ನಕ್ಷೆಯ ಜೊತೆ ತಾಳೆ ನೋಡಿ ಪಕ್ಕದಲ್ಲಿ ಕೆಂಪು ಗುರುತು ಹಾಕುತ್ತಾರೆ. ನಿನ್ನೆಗೆ ಆರನೇ ಹಾಳೆ ಮುಗಿದಿದೆ. ಪರದೆಯ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಗೋಡೆ ನೋಡಿ, "ಅಯ್ಯೋ, ಈ ಕಪ್ಪು ಬಟ್ಟೆಗೆ ಹುಳ ಬಿದ್ದಿದೆಯಲ್ಲ" ಎಂದಳು. ಇವರು ಎದ್ದು ನಿಂತು, ಅದು ಎರಡೂವರೆ ಕೋಟಿ ವರ್ಷದ ಹಿಂದೆ ಹೊರಟ ಬೆಳಕು ಎಂದು ವಿವರಿಸಿದರು. "ಹಾಗಾದ್ರೆ ಹಳೇ ಸ್ಟಾಕು ಅನ್ನಿ" ಎಂದು ಅವಳು ಬೇರೆ ಬಣ್ಣ ಕೇಳಿದಳು. ಫ್ರಿಜ್ಜು ತೆರೆದರೆ ಹಾಲಿನ ಪಕ್ಕದಲ್ಲಿ ನಿನ್ನ ಹಳೆಯ ಕ್ಯಾಮೆರಾ, ಮುಚ್ಚಳ ಹಾಕಿಕೊಂಡು, ತನ್ನಷ್ಟಕ್ಕೆ ಕತ್ತಲೆಯ ಫೋಟೋ ತೆಗೆಯುತ್ತಿರುತ್ತದೆ. ಯಾವ ಚುಕ್ಕೆ ಕ್ಯಾಮೆರಾದ್ದು, ಯಾವುದು ಆಕಾಶದ್ದು ಎಂದು ತಿಳಿಯಲು, ನಿನ್ನ ಬಯಲಿನಂಥ ಚಳಿಯಲ್ಲಿಟ್ಟು ಬರೀ ಕತ್ತಲೆ ತೆಗೆದು ನೋಡುವುದೇ ದಾರಿಯಂತೆ. ಬಾಗಿಲು ತೆರೆದರೆ ಬೈಗುಳ. ಎದುರುಮನೆಯ ಹಲ್ಲಿನ ಡಾಕ್ಟರು ಮೆಟ್ಟಿಲಲ್ಲಿ ಸಿಕ್ಕು, "ಏನ್ ಸಾರ್, ಮೂರು ಗ್ಯಾಲಕ್ಸಿ ಕಿತ್ತು ಹಾಕಿದ್ರಂತೆ? ನಾನು ದಿನಕ್ಕೆ ಎರಡು ಹಲ್ಲು ಕೀಳೋಕೇ ಒದ್ದಾಡ್ತೀನಿ" ಎಂದರು. ತಮಾಷೆಗೆ ಅಂದದ್ದು. ಇವರು ಎರಡು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ.

ಸುಳ್ಳು ಬಳಿದವರು ಎಂದೆಯಲ್ಲ, ಅದಕ್ಕೆ ಒಂದೇ ಉತ್ತರ ಕೊಡುತ್ತೇನೆ. ನಮ್ಮ ಮದುವೆಯ ಫೋಟೋ ನೀನು ಸಾವಿರ ಸಲ ನೋಡಿದ್ದೀಯೆ. ನನ್ನ ಗದ್ದದ ಮೇಲೆ ಚಿಕ್ಕಂದಿನ ಗಾಯದ ಗುರುತು ಅದರಲ್ಲಿ ಹಾಗೇ ಇದೆ. ನಿನ್ನ ಅಜ್ಜಿ ಕೇಳಿಯೇ ಬಿಟ್ಟಿದ್ದರು, "ಅಳಿಯಂದ್ರೇ, ಊರಿನವರ ಮುಖಾನೆಲ್ಲ ತಿದ್ತೀರಿ, ನನ್ನ ಮಗಳ ಗದ್ದ ಯಾಕೆ ಬಿಟ್ರಿ?" ಎಂದು. "ಅದನ್ನ ತೆಗೆದ್ರೆ ಅವಳು ಬೇರೆ ಯಾರೋ ಆಗ್ತಾಳೆ ಅತ್ತೆ" ಎಂದಿದ್ದರು. ಗೊತ್ತಿರುವ ಮುಖದಲ್ಲಿ ಯಾವುದನ್ನು ಮುಟ್ಟಬಾರದು ಎಂಬುದು ಅವರಿಗೆ ಗೊತ್ತು. ನಿನ್ನ ಗ್ಯಾಲಕ್ಸಿಯ ಪರಿಚಯ ಅವರಿಗಿರಲಿಲ್ಲ. ಎರಡು ಚಳಿಗಾಲದಲ್ಲಿ ನೀನು ಒಮ್ಮೆಯೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದು ಇಂಥದ್ದು ಎಂದು ತೋರಿಸಲಿಲ್ಲ. ಹಾಗೆಂದು ಅವರು ಕೇಳಬಹುದಿತ್ತು, ಕೇಳಲಿಲ್ಲ, ತನಗೆ ಗೊತ್ತಿಲ್ಲ ಎನ್ನುವುದು ಅವರ ಬಾಯಲ್ಲಿ ಬರುವ ಮಾತಲ್ಲ. ಈಗ ಬಂದಿದೆ. ಹೇಳಿಕೆಯನ್ನು ಮೊದಲು ಮೂರು ಪುಟ ಬರೆದಿದ್ದರು, ಸ್ಟುಡಿಯೋದ ಚರಿತ್ರೆಯೆಲ್ಲ ಅದರಲ್ಲಿತ್ತು. ಕತ್ತರಿ ಹಾಕಿ ಒಂದು ಪುಟಕ್ಕೆ ಇಳಿಸಿದವಳು ನಾನು. ಆದರೆ ಈ ಸಾಲನ್ನು ನಾನು ಮುಟ್ಟಲಿಲ್ಲ: "ನನಗೆ ಏನೆಂದು ತಿಳಿಯದ ಹನ್ನೊಂದು ವಸ್ತುಗಳನ್ನು ನಾನು ತೆಗೆದಿದ್ದೇನೆ. ನನ್ನ ಮಗಳು ಹಾಗೆ ಮಾಡಲು ಹೇಳಿರಲಿಲ್ಲ."

ನೀನು ಲಕೋಟೆ ಒಡೆಯದಿರುವುದು ಸಿಟ್ಟಿನಿಂದ ಎಂದು ಅವರು ತಿಳಿದಿದ್ದಾರೆ. ನಾನು ಹಾಗೆ ತಿಳಿದಿಲ್ಲ. ಅಂದು ಆಡಿದ ಮಾತು ನಿನ್ನನ್ನು ತಿನ್ನುತ್ತಿದೆ, ಅವರ ಕೈಬರಹ ನೋಡಲಾಗುತ್ತಿಲ್ಲ. ಇರಲಿ. ನಾನು ಎರಡು ಇಂಚು ತಪ್ಪಿ ಹೊಲಿದರೆ ರಾದ್ಧಾಂತ ಮಾಡದೆ ಬಿಚ್ಚಿ ಮತ್ತೆ ಹೊಲಿಯುತ್ತೇನೆ. ನಿಮ್ಮಿಬ್ಬರಿಗೆ ಇದು ಯಾಕೆ ಬರುವುದಿಲ್ಲವೋ ಕಾಣೆ. ಅವರ ಮರ್ಯಾದೆ ಕಾಯಲು ನಿನ್ನ ಕೆಲಸ ಕಳೆದುಕೊಳ್ಳಬೇಡ, ಅವರು ಅದನ್ನು ಕೇಳಿಲ್ಲ. ಸಹಿ ಹಾಕು. ಅವರ ಜೊತೆ ಮಾತಾಡುವುದು ಬಿಡುವುದು ಆಮೇಲಿನ ಮಾತು. ಈ ಸಲದ ಲಕೋಟೆ ವಾಪಸು ಬಂದರೆ ನಾನೇ ಗಾಡಿ ಹತ್ತಿ ಬರುತ್ತೇನೆ, ನಲವತ್ತೆರಡು ಕಿಟಕಿ ಬರಿದಾಗಿ ನಿಂತರೂ ಸರಿಯೇ.

ಮೈ ಜೋಪಾನ. ನಿನ್ನ ಬಯಲಿನ ಮೇಲೆ ಮೋಡ ಕಟ್ಟದಿರಲಿ, ನಿನ್ನ ತಲೆಯೊಳಗೂ ಕಟ್ಟದಿರಲಿ. ನಿನ್ನ ಜೊತೆ ಕೆಲಸ ಮಾಡುವ ಅಡುಗೆಯಾಕೆಗೆ ನಾನು ಕೇಳಿದೆನೆಂದು ಹೇಳು.

ಇಬ್ಬರಿಂದಲೂ ಬೇಸತ್ತ,
ನಿನ್ನ ಅಮ್ಮ

ಮರೆತ ಮಾತು: ಇಲ್ಲ, ಮರೆತದ್ದಲ್ಲ, ಈಗಷ್ಟೇ ಆದದ್ದು. ಈ ಪತ್ರಕ್ಕೆ ನಾನು ಸಹಿ ಹಾಕುವಷ್ಟರಲ್ಲಿ ಗಾಡಿ ಬಂದು ಹಾರ್ನ್ ಹೊಡೆಯಿತು. ಗಾಡಿಯವನು ಸುಮ್ಮನಿರಲಾರದೆ, "ಇವತ್ತು ಮುಂದಿನ ಸೀಟು ಖಾಲಿ ಇದೆ ಯಜಮಾನ್ರೇ" ಎಂದ. ನಿನ್ನ ಅಪ್ಪ ಭೂತಗನ್ನಡಿ ಕೆಳಗಿಟ್ಟು ಒಳಗೆ ಹೋಗಿ ಚಪ್ಪಲಿ ಬಿಚ್ಚಿ ಶೂ ಹಾಕಿಕೊಂಡು ಬಂದಿದ್ದಾರೆ. ಯಾಕೆಂದು ಕೇಳಿದರೆ, "ಮೂರನೇ ಸಲ ವಾಪಸ್ ಬಂದ್ರೆ ನಾನೇ ವಾಪಸ್ ಬರ್ತೀನಿ, ಕಾಗದ ಬೇಡ" ಎನ್ನುತ್ತಾರೆ. ಹೇಳಿಕೆ ಅವರ ಜೇಬಿನಲ್ಲಿದೆ. ಈ ಪತ್ರವನ್ನು ಅಡುಗೆಯಾಕೆಯ ಕೈಲಿ ಒಳಗೆ ಕಳಿಸಿ, ನೀನಾಗಿ ಕರೆಯುವವರೆಗೆ ಗೇಟಿನ ಆಚೆಯೇ ನಿಲ್ಲುತ್ತಾರಂತೆ. ಆರು ಗಂಟೆ ಹೊತ್ತು ಆ ಗಾಡಿಯಲ್ಲಿ ಕುಳಿತು ಬಂದವರಿಗೆ ಸೊಂಟ ಹಿಡಿದಿರುತ್ತದೆ, ಕೇಳಿದರೆ ಇಲ್ಲ ಎನ್ನುತ್ತಾರೆ. ಮೇಲಿನದನ್ನೆಲ್ಲ ಆಮೇಲೆ ಓದು. ಮೊದಲು ಹೋಗಿ ಗೇಟು ತೆಗೆ.